ಬೆಳ್ಳಿಯ ಉಡಿ ತುಂಬಿ ವಿಮಾನ ತಪ್ಪಿಸಿದ್ದು

ಹನ್ನೊಂದು ಎಮ್ಮೆಗಳ ಬಾಣಂತನ ಮಾಡಿದವಳು ನಾನು. ನಾಲ್ಕು ಮಕ್ಕಳನ್ನು ಹೆತ್ತು, ಸಾಕಿ, ಬೈದು, ಮದುವೆ ಮಾಡಿ ಕಳಿಸಿದ್ದೇನೆ. ಹೀಗಿರುವಾಗ ಒಂದು ನಾಯಿಯನ್ನು ವಿಮಾನ ಹತ್ತಿಸುವುದು ಯಾವ ಮಹಾ ಕೆಲಸ? ಹತ್ತಿಸಿದರೆ ಆಯಿತು. ಹಾರಿಸುವ ಕೆಲಸ ಹೇಗೂ ನನ್ನದಲ್ಲ!

ಹೀಗೆಂದು ಕಿರಿಯ ಮಗಳು ಶಾರದಾಗೆ ಹೇಳಿದ್ದೆ. ಆ ಮಾತಾಡಿದ ನಾಲಿಗೆಗೆ ಶಿಕ್ಷೆಯೆಂದು ಇವತ್ತಿಗೂ ಉಪ್ಪಿನಕಾಯಿ ಮುಟ್ಟಿಸಿಲ್ಲ.

ಶಾರದಾ ಕುಷ್ಟಗಿ ಹತ್ತಿರ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ನಮ್ಮ ಕಡೆ ಹೆಂಗಸರು ಹೊಲದಲ್ಲಿ ಕೂತು ಟೊಮೆಟೊ, ಮೆಣಸಿನ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುತ್ತಾರಲ್ಲ, ಅದರ ಮೇಲ್ವಿಚಾರಣೆ ಅವಳದು. ಕಂಪನಿಯವರು ಅವಳನ್ನು ಹಾಲೆಂಡ್ ದೇಶಕ್ಕೆ ವರ್ಗ ಮಾಡಿದರು. ಹೋಗುವವರು ಗಂಡ, ಹೆಂಡತಿ, ಎಂಟು ವರ್ಷದ ಮಗಳು ಚಿನ್ನು, ಮತ್ತೆ ಬೆಳ್ಳಿ. ಬೆಳ್ಳಿ ಎಂದರೆ ಬೀಜದ ಹೊಲದ ನೆರಳುಪರದೆಯ ಕೆಳಗೆ ಸಿಕ್ಕ ಬೀದಿನಾಯಿ. ಮೈಯೆಲ್ಲ ಹಾಲಿನಂತೆ ಬಿಳುಪು, ಬುದ್ಧಿ ಮಾತ್ರ ನೀರು ಮಜ್ಜಿಗೆ.

ಆ ದೇಶದ ಕಾಯಿದೆ ಏನೆಂದರೆ, ನಾಯಿಯ ಕುತ್ತಿಗೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಸೇರಿಸಬೇಕು, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು, ಆಮೇಲೆ ಮೂರು ತಿಂಗಳು ಸುಮ್ಮನೆ ಕಾಯಬೇಕು. ನೌಕರಿ ಕಾಯುವುದಿಲ್ಲ, ನಾಯಿ ಕಾಯುತ್ತದೆ. ಹಾಗಾಗಿ ಅವರು ಮುಂದೆ ಹೋದರು, ಬೆಳ್ಳಿ ನನ್ನ ಕೊರಳಿಗೆ ಬಿತ್ತು.

ಹಟ ಹಿಡಿದದ್ದು ಚಿನ್ನು. ಹೊಸ ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಬೆಳ್ಳಿ ಬಂದ ದಿನ ಮಾತಾಡುತ್ತೇನೆ ಎಂದು ತಾಯಿಗೆ ಹೇಳಿಬಿಟ್ಟಿದ್ದಳು. ಮನೆಗೆ ಬಂದವಳೇ ಫೋನಿನಲ್ಲಿ ಮುಖ ತೋರಿಸಿ ನಾಯಿಯ ಜತೆ ಒಂದು ತಾಸು ಮಾತು. ನನಗೆ ಮಾತ್ರ, “ಅಜ್ಜಿ, ಫೋನ್ ಸರಿಯಾಗಿ ಹಿಡೀ!” ಅಷ್ಟೇ.

ಹೋಗುವಾಗ ಶಾರದಾ ಒಂದು ಚೀಟಿ ಬರೆದು ಹಿಟ್ಟಿನ ಡಬ್ಬಿಗೆ ಅಂಟಿಸಿದ್ದಳು. ನಾನು ಕಲಿತದ್ದು ಮೂರನೇ ಇಯತ್ತೆ. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ರೊಟ್ಟಿ ಸೀದುಹೋಗುತ್ತದೆ. ಆದರೂ ಓದಿದೆ. ಬೆಳ್ಳಿಗೆ ಪಂಜರದಲ್ಲಿ ಕೂರುವ ರೂಢಿ ಮಾಡಿಸು. ದಪ್ಪ ಆಗಗೊಡಬೇಡ. ಹೊರಡುವ ದಿನ ಬೆಳಿಗ್ಗೆ ಒಂದು ಹಿಡಿ ಅನ್ನ, ಮತ್ತೇನೂ ಬೇಡ. ಮೈ ಶುಚಿಯಾಗಿರಲಿ. ನಾಲ್ಕೇ ಮಾತು. ನಾಲ್ಕನ್ನೂ ನಾನು ಪಾಲಿಸಿದೆ, ನನ್ನದೇ ರೀತಿಯಲ್ಲಿ!

ಮೊದಲು ಪಂಜರ. ಬೆಳ್ಳಿ ಅದರ ಮುಂದೆ ಕೂತು ನನ್ನನ್ನೇ ನೋಡುತ್ತಿತ್ತು. ಒಳಗೆ ರೊಟ್ಟಿ ಇಟ್ಟೆ. ಕೋಳಿ ಹೋಗಿ ತಿಂದು ಬಂತು. ಮರುದಿನ ಹಾಲು ಇಟ್ಟೆ. ಬೆಕ್ಕು ಹೋಗಿ ಕುಡಿದು ಬಂತು. ಊರಿನ ಪ್ರಾಣಿಗಳೆಲ್ಲ ಹಾಲೆಂಡಿಗೆ ಹೋಗಲು ತಯಾರು, ನಾಯಿಯೊಂದನ್ನು ಬಿಟ್ಟು. ಕೊನೆಗೆ, ಹೇಗೆ ಕೂರಬೇಕೆಂದು ತೋರಿಸೋಣ ಎಂದು ನಾನೇ ಮೊಣಕಾಲೂರಿ ಒಳಗೆ ಹೊಕ್ಕೆ. ಹೊಕ್ಕಿದ್ದು ಸುಲಭ. ಹೊರಬರುವಾಗ ಸೊಂಟ ಅಡ್ಡ ಬಂತು.

“ರೀ! ಬರ್ರಿ ಇಲ್ಲೆ! ಸಿಕ್ಕೊಂಡೀನಿ!” ಎಂದು ಕೂಗಿದೆ.

ಯಜಮಾನರು ಬಂದರು. ನಿಂತರು. ನೋಡಿದರು. ಐವತ್ತು ವರ್ಷದ ಸಂಸಾರದಲ್ಲಿ ಅವರ ಮುಖದ ಮೇಲೆ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

“ಬಾಗಲಾ ಹಾಕ್ಲೇನು?” ಎಂದರು.

ಅದೇ ಹೊತ್ತಿಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆ ಗುರುಬಸವ್ವ ಬಂದಳು. ಅದೇ ಹೊತ್ತಿಗೆ ಫೋನೂ ಬಂತು. ಯಜಮಾನರು ಫೋನನ್ನು ನೇರ ಪಂಜರದ ಕಡೆ ಹಿಡಿದರು.

“ಅಜ್ಜಿ, ಬೆಳ್ಳಿ ಬದ್ಲಿ ನೀ ಬರ್ತೀಯೇನು?” ಎಂದಳು ಚಿನ್ನು. ಅವಳ ದನಿ ಸೋತಿತ್ತು. ಆ ಬದಲಿ ಅವಳಿಗೆ ಒಪ್ಪಿಗೆಯಿಲ್ಲ ಎಂಬುದು ತಿಳಿಯುವಂತಿತ್ತು.

ಗುರುಬಸವ್ವ ಕಾಲು ಹಿಡಿದೆಳೆದು ನನ್ನನ್ನು ಹೊರಗೆ ಹಾಕಿದಳು. ಎಮ್ಮೆ ಕರು ಹಾಕುವಾಗ ನಾನು ಎಳೆಯುತ್ತಿದ್ದದ್ದೂ ಹಾಗೆಯೇ.

ಎರಡನೆಯದು, ದಪ್ಪ. ಪರದೇಶಕ್ಕೆ ಹೋಗುವ ನಾಯಿ ಎಂದು ಓಣಿಗೆಲ್ಲ ಗೊತ್ತಾಯಿತು. ಹೋಗುವವರನ್ನು ಊಟಕ್ಕೆ ಕರೆಯುವುದು ನಮ್ಮ ಪದ್ಧತಿ. ಒಬ್ಬರ ಮನೆಯಲ್ಲಿ ಹೋಳಿಗೆ, ಇನ್ನೊಬ್ಬರ ಮನೆಯಲ್ಲಿ ಮಾದಲಿ. ಬೇಡವೆಂದರೆ, “ನಮ್ಮ ಮನಿ ಹೋಳಿಗಿ ನಿಮ್ಮ ನಾಯಿಗೆ ನಡೆಂಗಿಲ್ಲೇನು?” ಎಂದು ಮುನಿಸು. ಎರಡು ತಿಂಗಳಲ್ಲಿ ಬೆಳ್ಳಿ ನಡೆಯುವುದನ್ನು ಬಿಟ್ಟು ಉರುಳತೊಡಗಿತು. ಕೊಪ್ಪಳದ ಪಶುವೈದ್ಯರು ತಕ್ಕಡಿ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಅವ್ವಾರ, ಇದು ವಿಮಾನದಾಗ ಹೋಗೋ ನಾಯೇನು, ವಿಮಾನಾನ ಹೊತ್ಕೊಂಡು ಹೋಗೋ ನಾಯಿ?”

ಕೊನೆಯ ತಿಂಗಳು ನಾಯಿಗೆ ಉಪವಾಸ, ನನಗೆ ಓಣಿಯಲ್ಲಿ ಜಗಳ. ಅಂತೂ ಅದು ಇಳಿಯಿತು. ಪಂಜರದೊಳಗೆ ತಿರುಗಿ ಕೂರುವಷ್ಟಾಯಿತು. ಹೊರಡುವುದಕ್ಕೆ ಮೂರು ದಿನ ಮುಂಚೆ ವೈದ್ಯರು ಆರೋಗ್ಯದ ಕಾಗದ ಬರೆದು ಕೊಟ್ಟರು. ತಳಿ: ನಾಡನಾಯಿ. ಲಿಂಗ: ಹೆಣ್ಣು. ಬಣ್ಣ: ಬಿಳಿ.

“ಈ ಕಾಗದಕ್ಕ ಹತ್ತು ದಿನ ಆಯುಷ್ಯ ಅವ್ವಾರ. ಇನ್ನ ಏನೂ ಮಾಡಾಕ ಹೋಗಬ್ಯಾಡ್ರಿ,” ಎಂದರು.

ಏನೂ ಮಾಡಬೇಡ ಎಂದರೆ ಹೆಂಗಸಿನ ಕೈ ಸುಮ್ಮನಿರುತ್ತದೆಯೇ?

ಹೊರಡುವ ಮುಂಜಾನೆ ಗುರುಬಸವ್ವ ನಾಲ್ವರು ಮುತ್ತೈದೆಯರನ್ನು ಕಟ್ಟಿಕೊಂಡು ಬಂದಳು.

“ಹೆಣ್ಣ ಐತಲ್ಲ? ಮನಿಯಿಂದ ಹೊರಬೀಳಾಕತ್ತೈತಿ. ಹಂಗ ಬರೇ ಉಡಿಲೇ ಕಳಸ್ತಿಯೇನು?”

“ನಾಯಿಗೆಂಥಾ ಉಡಿ ತುಂಬತಿ? ಅದಕ್ಕ ಉಡಿ ಎಲ್ಲೈತಿ?” ಎಂದು ಗದರಿಸಿದೆ.

“ಮಗಳಿಗಂತೂ ತುಂಬ್ಲಿಲ್ಲ. ನಾಯಿಗೂ ಬ್ಯಾಡಂದ್ರ ನಿನ್ನಿಷ್ಟ.”

ಆ ಮಾತು ನಾಟಿತು. ಶಾರದಾ ಹೊರಟ ದಿನ ಟ್ಯಾಕ್ಸಿಯವನು ಎರಡು ತಾಸು ಮುಂಚೆಯೇ ಬಂದು ಹಾರ್ನ್ ಬಾರಿಸಿದ್ದ. ಗಡಿಬಿಡಿಯಲ್ಲಿ ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬುವುದು ಮರೆತೇ ಹೋಯಿತು. ಅವಳಿಗೆಂದು ತಂದಿಟ್ಟ ಹಸಿರು ರವಿಕೆ ಖಣ ಟ್ರಂಕಿನಲ್ಲೇ ಉಳಿದಿತ್ತು. ನಾನು ಅಳುವ ಪೈಕಿ ಅಲ್ಲ. ಆದರೆ ಟ್ರಂಕು ತೆಗೆದಾಗಲೆಲ್ಲ ಆ ಖಣ ಕಣ್ಣಿಗೆ ಬೀಳುತ್ತಿತ್ತು, ನಾನು ದಡಾರನೆ ಮುಚ್ಚಳ ಹಾಕುತ್ತಿದ್ದೆ.

“ತರ್ರಿ ಹಂಗಾರ,” ಎಂದೆ.

ಚೀಟಿಯಲ್ಲಿ ಮೈ ಶುಚಿಯಾಗಿರಲಿ ಎಂದು ಇತ್ತಲ್ಲ? ನಮ್ಮಲ್ಲಿ ಅರಿಶಿನಕ್ಕಿಂತ ಶುಚಿ ಯಾವುದಿದೆ? ಆರೂ ಜನ ಸೇರಿ ಎಣ್ಣೆಯಲ್ಲಿ ಕಲಸಿ ಹಣೆ, ಕಿವಿ, ಬೆನ್ನು, ನಾಲ್ಕು ಕಾಲು ಎಲ್ಲಕ್ಕೂ ಬಳಿದೆವು. ಖಣದಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟು ಕುತ್ತಿಗೆಗೆ ಕಟ್ಟಿದೆವು. ಹಾಡೂ ಆಯಿತು, ಆರತಿಯೂ ಆಯಿತು. ಬೆಳ್ಳಿ ಆರತಿಯ ತಟ್ಟೆಯನ್ನೇ ನೆಕ್ಕಲು ಹೋಯಿತು.

ಬುತ್ತಿ ಇಲ್ಲದೆ ನಮ್ಮ ಮನೆಯಿಂದ ಯಾರೂ ದಾರಿ ಹಿಡಿದಿಲ್ಲ. ಒಂದು ಹಿಡಿ ಅನ್ನ ತಿಂದು ಪರದೇಶಕ್ಕೆ ಹೋದರೆ ಊರು ಏನಂದೀತು? ಎಂಟು ಶೇಂಗಾ ಹೋಳಿಗೆ, ಆರು ಸಜ್ಜೆರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಪಂಜರದ ಹಾಸಿಗೆಯ ಕೆಳಗೆ ಇಟ್ಟೆ. ವಿಮಾನದಲ್ಲಿ ಹಸಿವಾದಾಗ ತಿನ್ನಲಿ ಎಂದು. ನಾಯಿಗೆ ಅಷ್ಟು ತಾಳ್ಮೆ ಇದೆ ಎಂದು ನಂಬಿದವಳು ನಾನು!

ಬಾಡಿಗೆ ಕಾರಿನಲ್ಲಿ ನಾನು, ಯಜಮಾನರು, ಹಿಂದೆ ಪಂಜರದಲ್ಲಿ ಬೆಳ್ಳಿ. ಆ ದಿನ ಅದು ತಾನಾಗಿಯೇ ಒಳಗೆ ಹೋಗಿ ಕೂತಿತ್ತು. ಮೂರು ತಿಂಗಳ ನನ್ನ ತರಬೇತಿ ಫಲಿಸಿತೆಂದು ಹಿಗ್ಗಿದೆ. ಫಲಿಸಿದ್ದು ಹೋಳಿಗೆಯ ವಾಸನೆ.

ಹೊಸಪೇಟೆ ದಾಟಿದ ಮೇಲೆ ಡ್ರೈವರ್ ಹುಸೇನಸಾಬ್ ಕನ್ನಡಿಯಲ್ಲಿ ನೋಡಿದ.

“ಅಮ್ಮಾ, ಹಿಂದ ಕಟುಂ ಕಟುಂ ಅಂತ ಸಪ್ಪಳ ಆಗಾಕತ್ತೈತಿ. ಗಾಡಿದೋ, ನಾಯಿದೋ?”

“ಗಾಡಿದು. ಮುಂದ ನೋಡಿ ಹೊಡಿ,” ಎಂದೆ.

ಗಾಡಿಯದಲ್ಲ. ಚಿತ್ರದುರ್ಗದ ಹತ್ತಿರ ಬೆಳ್ಳಿ ಎಂಟು ಹೋಳಿಗೆ, ಆರು ಸಜ್ಜೆರೊಟ್ಟಿಯನ್ನು ಕೊಟ್ಟವರಿಗೇ ಹಿಂದಿರುಗಿಸಿತು. ಕೊಬ್ಬರಿ ಬಟ್ಟಲೂ ಬಂತು. ಹುಸೇನಸಾಬ್ ಗಾಡಿ ನಿಲ್ಲಿಸಿ, ದೂರ ಹೋಗಿ, ಒಂದು ಗಿಡಕ್ಕೆ ಹಣೆ ಹಚ್ಚಿ ನಿಂತ.

ಹಿರಿಯೂರು ದಾಟಿ ಒಂದು ಹೋಟೆಲಿನ ನಲ್ಲಿಯ ಕೆಳಗೆ ಬೆಳ್ಳಿಯನ್ನು ನಿಲ್ಲಿಸಿದೆವು. ನೀರು ಹಾಕಿದರೆ ಅರಿಶಿನ ಹೋಗಲಿಲ್ಲ; ಎಣ್ಣೆ ಹಚ್ಚಿದ್ದೆವಲ್ಲ. ಯಜಮಾನರು ಧೋತರ ಒಗೆಯಲೆಂದು ತಂದಿದ್ದ ಬಟ್ಟೆ ಸೋಪು ಕೊಟ್ಟರು. ಸೀರೆ ಎತ್ತಿ ಕಟ್ಟಿ ನಿಂತು ತಿಕ್ಕಿದೆ.

ಅರಿಶಿನಕ್ಕೆ ಸುಣ್ಣ ಕೂಡಿದರೆ ಕೆಂಪು ಓಕುಳಿ ಆಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಹುಟ್ಟಿದಾಗಿನಿಂದ ಆರತಿಗೆ ಓಕುಳಿ ಕಲಸಿದ ಕೈ ಇದು. ಆದರೆ ಬಟ್ಟೆ ಸೋಪು ಸುಣ್ಣದ ತಮ್ಮನೆಂದು ಯಾರು ಹೇಳಿದ್ದರು? ತಿಕ್ಕಿದಷ್ಟೂ ನಾಯಿ ಕೆಂಪಾಯಿತು. ಕೆಂಪಾದಷ್ಟೂ ನಾನು ತಿಕ್ಕಿದೆ!

“ಸಾಕು ಮಾಡು,” ಎಂದರು ಯಜಮಾನರು. “ಇನ್ನೊಂದ್ಸಲ ತಿಕ್ಕಿದ್ರ ಹೋರಿ ಗುಮ್ಮತೈತಿ.”

ಬೆಂಗಳೂರಿನ ವಿಮಾನ ನಿಲ್ದಾಣದ ಸರಕಿನ ವಿಭಾಗ ಮುಟ್ಟಿದೆವು. ನಾಯಿಗಳನ್ನು ಕಳಿಸಿಕೊಡುವ ಏಜೆಂಟ್ ಹುಡುಗಿ ಅಲ್ಲಿ ಕಾಯುತ್ತಿದ್ದಳು. ಪಂಜರದೊಳಗೆ ಬಗ್ಗಿ ನೋಡಿದವಳು ಎದ್ದು ನಿಂತಳು. ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಸಮಾಧಾನ ಮಾಡಿದೆ.

“ಏನಿಲ್ಲವಾ, ಉಡಿ ತುಂಬೀವಿ, ಅಷ್ಟ.”

ತಪಾಸಣೆಯ ವೈದ್ಯರು ಕಾಗದ ನೋಡಿದರು, ನಾಯಿ ನೋಡಿದರು, ಮತ್ತೆ ಕಾಗದ ನೋಡಿದರು.

“ಇದರಲ್ಲಿ ಬಿಳಿ ಅಂತಿದೆ.”

“ಬಿಳೀನ ರೀ ಸಾಹೇಬ್ರ. ಒಳಗ ಬಿಳಿ ಐತಿ,” ಎಂದೆ.

“ಇವು ಗಾಯಗಳಾ? ಚರ್ಮರೋಗನಾ?”

“ಅಲ್ಲರೀ, ಹಣಿಯಿಂದ ಕಾಲ್ತನಕ ಅರಿಶಿನ. ಆಮ್ಯಾಲೆ ಸೋಪು. ಮುತ್ತೈದೇರು ಹಚ್ಯಾರ.”

ಅವರು ಒಂದು ಯಂತ್ರ ಹಿಡಿದು ಕುತ್ತಿಗೆಯ ಚಿಪ್ಪಿನ ನಂಬರ್ ಓದಿದರು. ಸರಿಯಾಗಿತ್ತು. “ನೋಡ್ರಿ, ನಂಬರ್ ಕೂಡತೈತಿ, ಬಿಟ್ಟು ಬಿಡ್ರಿ,” ಎಂದು ಯಜಮಾನರು ಕೈಮುಗಿದರು. ವೈದ್ಯರ ಮನಸ್ಸು ಕರಗುವಂತೆ ಕಂಡಿತು. ಅಷ್ಟರಲ್ಲಿ ಬೆಳ್ಳಿ ಹೊಟ್ಟೆಯೊಳಗೆ ಉಳಿದಿದ್ದ ಒಂದು ಉತ್ತತ್ತಿಯನ್ನು ನೆನಪಿಸಿಕೊಂಡಿತು. ಅದನ್ನು ತಂದು ಅವರ ಬೂಟಿನ ಮೇಲೆ ಇಟ್ಟಿತು.

“ಮೈ ಕೆಂಪಾಗಿದೆ. ವಾಂತಿ ಇದೆ. ಈ ನಾಯಿ ಇವತ್ತು ಹಾರುವಂತಿಲ್ಲ,” ಎಂದು ಬರೆದರು.

ಅವರದು ಒಂದಿಷ್ಟೂ ತಪ್ಪಿಲ್ಲ. ನಾನಾಗಿದ್ದರೆ ನಾಯಿಯ ಜತೆ ನಮ್ಮಿಬ್ಬರನ್ನೂ ಪಂಜರಕ್ಕೆ ಹಾಕುತ್ತಿದ್ದೆ. ಆ ವಾರ ನಾಯಿಗೆ ಬೇರೆ ವಿಮಾನದಲ್ಲಿ ಜಾಗವಿರಲಿಲ್ಲ. ಜಾಗ ಸಿಗುವ ಹೊತ್ತಿಗೆ ಕಾಗದದ ಹತ್ತು ದಿನ ತೀರಿಹೋಗಿರುತ್ತಿತ್ತು. ಏಜೆಂಟ್ ಹುಡುಗಿ ಗೋಡೆಗೊರಗಿ ಕೂತುಬಿಟ್ಟಳು.

ಫೋನ್ ಮಾಡಿದೆವು. ಅತ್ತ ಚಿನ್ನು ಹೊಸ ಅಂಗಿ ತೊಟ್ಟು ಕೂತಿದ್ದಳು. ಗೋಡೆಗೆ ಬೆಳ್ಳಿಯ ಚಿತ್ರ ಬರೆದು ಅಂಟಿಸಿದ್ದಳು, ಬಿಳಿ ಬಣ್ಣದ್ದು. ಯಜಮಾನರು ಪಂಜರ ತೋರಿಸಿದರು. ಅವಳು ನೋಡಿದಳು. ಅಳಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಮುಚ್ಚಿದ ಬಾಗಿಲಿಗೆ ಏನೆಂದು ಬೈಯುವುದು?

ಶಾರದಾ ಫೋನ್ ತೆಗೆದುಕೊಂಡಳು.

“ಅವ್ವಾ, ಅದರ ಕೊಳ್ಳಾಗ ಏನದು?”

“ಖಣ.”

“ಯಾವ ಖಣ? ಹಸರು?”

“ಹ್ಞೂಂ.”

“ನನ್ನ ಖಣಾನ?”

ನಾನು ಫೋನನ್ನು ಯಜಮಾನರ ಕೈಗೆ ಕೊಟ್ಟು ನೆಲ ಒರೆಸಲು ಬಟ್ಟೆ ಹುಡುಕಿದೆ.

ಇದಾಗಿ ಎರಡು ತಿಂಗಳಾಯಿತು. ಚಿನ್ನು ಶಾಲೆಯಲ್ಲಿ ಇನ್ನೂ ಮಾತಾಡಿಲ್ಲ. ನನ್ನ ಜತೆಗೂ ಇಲ್ಲ. ಬೆಳ್ಳಿಯ ಬಣ್ಣ ಮರಳಿದೆ. ಈಗ ಅದು ಪಂಜರ ಬಿಟ್ಟು ಹೊರಗೇ ಬರುವುದಿಲ್ಲ, ಅಲ್ಲೇ ನಿದ್ದೆ, ಅಲ್ಲೇ ಊಟ. ಅಳಿಯ ಒಂದು ಉಪಾಯ ಹೇಳಿದ್ದಾನೆ. ನಾಯಿಯನ್ನು ಸರಕಿನಂತೆ ಕಳಿಸುವುದು ಬೇಡ, ಅತ್ತೆಯೇ ಅದೇ ವಿಮಾನದಲ್ಲಿ ಕರೆದುಕೊಂಡು ಬರಲಿ. ಶಾರದಾಳೂ ಒಪ್ಪಿದಳು. “ಖಣಾ ಒಗದು ತಗೊಂಡು ಬಾ,” ಎಂದಳು. ಅಷ್ಟೇ ಅಂದದ್ದು.

ಒಗೆದೆ. ಈ ಸಲ ಬರೀ ನೀರಿನಲ್ಲಿ. ನನ್ನ ಪಾಸ್‌ಪೋರ್ಟಿಗೆ ಅರ್ಜಿಯನ್ನೂ ಹಾಕಿದೆವು. ಹುಟ್ಟಿದ ತಾರೀಖು ಕೇಳಿದರು. ನಾನು ಹುಟ್ಟಿದ್ದು ಬಿಳಿಜೋಳದ ಸುಗ್ಗಿಯಲ್ಲಿ, ಕಣದಲ್ಲಿ ರಾಶಿ ನಡೆದಾಗ. ವರ್ಷ ಯಾರಿಗೂ ಗೊತ್ತಿಲ್ಲ. ಆಧಾರಿನಲ್ಲಿ ಒಂದು ವಯಸ್ಸು, ಮತದಾರರ ಚೀಟಿಯಲ್ಲಿ ಇನ್ನೊಂದು. ಪಡಿತರ ಚೀಟಿಯ ಪ್ರಕಾರವಂತೂ ನಾನು ನನ್ನ ಹಿರಿಮಗನಿಗಿಂತ ಒಂಬತ್ತೇ ವರ್ಷಕ್ಕೆ ದೊಡ್ಡವಳು! ಅರ್ಜಿ ಎರಡು ಸಲ ಹಿಂದಕ್ಕೆ ಬಂತು.

ನಿನ್ನೆ ಕೊಪ್ಪಳದ ವೈದ್ಯರು ಬೆಳ್ಳಿಯನ್ನು ಮತ್ತೆ ನೋಡಿದರು. ಹಲ್ಲು ನೋಡಿ ಬರೆದ ಹುಟ್ಟಿದ ತಾರೀಖು ಇದೆ, ನಂಬರ್ ಇದೆ, ರಕ್ತದ ವರದಿ ಇದೆ, ತೂಕವೂ ಸರಿ. “ಎಲ್ಲಾ ಛಲೋ ಐತಿ ಅವ್ವಾರ. ಹೊಂಡೋ ದಿನ ಹೇಳ್ರಿ, ಕಾಗದ ಬರದ ಕೊಡತೀನಿ,” ಎಂದರು.

ಹೊರಡುವ ದಿನ ಹೇಳಲಾಗಲಿಲ್ಲ. ನಾಯಿಯ ಕಡೆಯಿಂದ ಏನೂ ಅಡ್ಡಿಯಿಲ್ಲ. ಕಾಗದಪತ್ರ ಸರಿಯಿಲ್ಲದ್ದು ಜತೆಗೆ ಹೋಗುವ ಪ್ರಾಣಿಯದು.