ಎಳ್ಳು, ಬೆಲ್ಲ ಮತ್ತು ಮುನ್ನೆಚ್ಚರಿಕೆ

“ಹಕ್ಕಿಗೆ ಹಾಕೋ ಕಾಳೇನಮ್ಮ ಇದು?”

ಸಂಕ್ರಾಂತಿಯಂಥ ಸಂಕ್ರಾಂತಿಯ ದಿನ, ಹೊಸಿಲಿಗೆ ಬಳಿದ ಅರಿಸಿನ ಇನ್ನೂ ಒಣಗಿರಲಿಲ್ಲ, ಪಕ್ಕದ ಮನೆ ಮಂಗಮ್ಮನವರು ಕೇಳಿದ ಪ್ರಶ್ನೆ ಇದು. ಕೇಳಿದ್ದು ಭವ್ಯಳನ್ನು. ಕೇಳಿದ್ದು ಯಾವುದರ ಬಗ್ಗೆ ಅಂತೀರಿ? ಬೆರಳು ಕೊಯ್ದುಕೊಂಡು ಬಾದಾಮಿ ಸೀಳಿ, ಅಕ್ರೋಟು ಮುರಿದು, ಅಗಸೆ ಬೀಜ ಹುರಿದು ತರಿತರಿಯಾಗಿ ಪುಡಿ ಮಾಡಿ, ಕುಂಬಳ ಬೀಜದ ಸಿಪ್ಪೆ ಬಿಡಿಸಿ ಅವಳು ಸಿದ್ಧಪಡಿಸಿದ್ದ ‘ಆರೋಗ್ಯದ ಎಳ್ಳಿ’ನ ಬಗ್ಗೆ!

ಭವ್ಯಳ ಕಿವಿ ಬಿಸಿಯಾಯಿತು. ಬೇರೆ ಯಾವ ದಿನವಾದರೂ ಮಂಗಮ್ಮನವರಿಗೆ ತಕ್ಕ ಉತ್ತರ ಸಿಗುತ್ತಿತ್ತು. ಆದರೆ ಎಳ್ಳಿನ ತಟ್ಟೆ ಕೈಯಲ್ಲಿದ್ದಾಗ ಸಿಹಿಯಾಗಿ ಮಾತಾಡಬೇಕೆಂದು ಹಿರಿಯರು ಕಟ್ಟುಮಾಡಿಬಿಟ್ಟಿದ್ದಾರಲ್ಲ! (ಆ ಹಿರಿಯರಿಗೆ ಮಂಗಮ್ಮನವರಂಥ ನೆರೆಹೊರೆ ಇರಲಿಲ್ಲವೆಂದು ಕಾಣುತ್ತದೆ.) ಹಲ್ಲು ಬಿಟ್ಟು ನಕ್ಕಳು. ಪಕ್ಕದಲ್ಲಿ ರೇಷ್ಮೆ ಲಂಗ ಉಟ್ಟು ನಿಂತಿದ್ದ ಮೂರು ವರ್ಷದ ಮಗಳು ಶಿವರಂಜಿನಿಯೂ ಅಮ್ಮನನ್ನು ನೋಡಿ ಹಲ್ಲು ಬಿಟ್ಟಳು. ಮಗು ಎಳ್ಳು ಬೀರುತ್ತಿರುವುದು ಇದೇ ಮೊದಲ ಸಲ. ಮೊದಲ ಮನೆಯಲ್ಲೇ ಹಕ್ಕಿಕಾಳು ಅನ್ನಿಸಿಕೊಂಡದ್ದಾಯಿತು.

ನಿಜವಾಗಿ ನೋಡಿದರೆ ರಗಳೆ ಶುರುವಾದದ್ದು ಮನೆಯೊಳಗೇ.

ಮಗು ನಡೆಯಲು ಕಲಿತ ಹೊಸತರಲ್ಲಿ ಒಂದು ದಿನ ಯಾರೋ ಪ್ರೀತಿಯಿಂದ ಕೊಟ್ಟ ಕಡಲೆಬೀಜದ ಹೋಳು ಅದರ ಗಂಟಲಿಗೆ ಸಿಕ್ಕಿಕೊಂಡಿತ್ತು. ಅಳುವುದಕ್ಕೂ ಉಸಿರಿಲ್ಲದೆ ತುಟಿ ನೀಲಿಗಟ್ಟಿದ್ದ ಮಗುವನ್ನು ಭವ್ಯ ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದಾಗ ಆ ಹೋಳು ನೆಲಕ್ಕೆ ಬಿತ್ತು. ಮಗು ಮರುಗಳಿಗೆಯಲ್ಲೇ ನಕ್ಕಿತು. ಭವ್ಯಳ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ಐದು ವರ್ಷ ತುಂಬುವವರೆಗೆ ಮಕ್ಕಳಿಗೆ ಇಡೀ ಬೀಜ ಕೊಡಬಾರದು, ಪುಡಿ ಮಾಡಿ ಕೊಡಬೇಕು, ತಿನ್ನುವಾಗ ಓಡಬಾರದು, ನಗಬಾರದು, ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವಳು ಡೈರಿಯಲ್ಲಿ ಬರೆದು, ಅಡಿಗೆರೆ ಎಳೆದು, ಆಮೇಲೆ ಅದನ್ನು ಮನೆಯ ಸಂವಿಧಾನವನ್ನಾಗಿ ಘೋಷಿಸಿದಳು.

ಬೀಜಗಳ ಅಪಾಯ ಓದುತ್ತಾ ಓದುತ್ತಾ ಬೀಜಗಳ ಮಹಿಮೆಯೂ ತಿಳಿಯಿತು. ಅಲ್ಲಿಗೆ ಅವಳು ಬೀಜಗಳ ಪೊಲೀಸೂ ಆದಳು, ಪ್ರಚಾರಕಿಯೂ ಆದಳು.

ಮೊದಲ ಪ್ರಯೋಗ ಗಂಡ ಶಿವಮೂರ್ತಿಯ ಮೇಲೆ. ಅವನು ದಿನಾ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವನು. ಬೋಂಡದ ಅಂಗಡಿಯ ಕಡೆ ತಿರುಗಬಾರದೆಂದು ಒಂದು ಡಬ್ಬಿ ತುಂಬ ಬೀಜಗಳನ್ನು ಕೊಟ್ಟು, “ದಿನಕ್ಕೆ ಒಂದೇ ಹಿಡಿ, ವಾರಕ್ಕೆ ಬರಬೇಕು” ಎಂದಳು. ಬಸ್ಸು ತೆರಕಣಾಂಬಿ ದಾಟುವುದರೊಳಗೆ ಡಬ್ಬಿ ಖಾಲಿ. ಆ ದಿನ ಅವನು ಆಫೀಸಿನಲ್ಲಿ ಕುರ್ಚಿಯ ಮೇಲೆ ಕುಳಿತದ್ದಕ್ಕಿಂತ ಬೇರೆ ಕಡೆ ಕುಳಿತದ್ದೇ ಹೆಚ್ಚು. ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬಂದ.

“ಒಂದು ಹಿಡಿ ಅಂದಿದ್ದೆ ತಾನೆ? ಅಗಸೆ ಜಾಸ್ತಿಯಾದ್ರೆ ಹೊಟ್ಟೆ ಸುಮ್ನಿರುತ್ತಾ?”

“ಮೂರು ಹಿಡಿಗೇ ಮುಗ್ದೋಯ್ತು, ನಾನೇನ್ ಮಾಡ್ಲಿ?” ಎಂದು ಅವನು ಅಂಗೈ ಚಾಚಿದ. ಮೊರದಂಥ ಅಂಗೈ! ಹೊಲದಲ್ಲಿ ಬೆಳೆದವನ ಕೈ. ತಪ್ಪು ಬೀಜದ್ದೂ ಅಲ್ಲ, ತನ್ನದೂ ಅಲ್ಲ, ಆ ಅಂಗೈಯದು ಎಂದು ಭವ್ಯ ತೀರ್ಪು ಕೊಟ್ಟಳು.

ಇಂಥ ಅಡೆತಡೆಗಳಿಂದ ಹಿಂಜರಿಯುವವಳಲ್ಲ ಅವಳು. ಸಂಕ್ರಾಂತಿ ಹತ್ತಿರ ಬಂದಾಗ ಒಂದು ಮಹದಾಲೋಚನೆ ಹೊಳೆಯಿತು. ಬೀದಿಗೆಲ್ಲ ಎಳ್ಳು ಬೀರುವುದು ಹೇಗೂ ಇದ್ದದ್ದೇ. ಅದರಲ್ಲೇ ಆರೋಗ್ಯವನ್ನೂ ಬೀರಿಬಿಟ್ಟರೆ? ಎದುರು ಮನೆಯ ಖುದ್ದೂಸ್ ಸಾಹೇಬರ ಡ್ರೈಫ್ರೂಟ್ಸ್ ಅಂಗಡಿಗೆ ಹೋಗಿ ಚೀಲ ತುಂಬಿಸಿಕೊಂಡು ಬಂದಳು. ಅಕ್ರೋಟು ಹಳತಾದರೆ ಕಮಟು ವಾಸನೆ ಬರುತ್ತದೆಂದು ಅವರ ಅಂಗಡಿಯಲ್ಲೇ ನಿಂತು ಒಂದೊಂದನ್ನೂ ಮೂಸಿ ನೋಡಿ ಆರಿಸಿದಳು. (ಖುದ್ದೂಸ್ ಸಾಹೇಬರು ಸಂಭಾವಿತರು, ಸುಮ್ಮನಿದ್ದರು.) ಚಿಯಾ ಬೀಜವನ್ನು ಮಾತ್ರ ಕೊಳ್ಳಲಿಲ್ಲ. ನೆನೆಸದೆ ನುಂಗಿದರೆ ಅದು ಗಂಟಲಲ್ಲೇ ಉಬ್ಬಿ ಕೂರುತ್ತದೆಂದು ಓದಿದ್ದಳು.

ಅಷ್ಟರಲ್ಲಿ ಹಬ್ಬಕ್ಕೆಂದು ಭೀಮನಬೀಡಿನಿಂದ ಅತ್ತೆ ಈರಮ್ಮ ಬಂದಿಳಿದರು. ಬಗಲಲ್ಲಿ ಹೊಲದ ಕಡಲೆಕಾಯಿ, ಕೈಯಲ್ಲಿ ಕೊಬ್ಬರಿ, ಬೆಲ್ಲ, ಹುರಿಗಡಲೆ, ಜೊತೆಗೆ ಕೋಳಿ, ಗಿಣಿ, ಆನೆಯ ಆಕಾರದ ಸಕ್ಕರೆ ಅಚ್ಚು. ಸೊಸೆಯ ಪಾತ್ರೆಯಲ್ಲಿದ್ದದ್ದನ್ನು ಬಗ್ಗಿ ನೋಡಿದರು.

“ಅಲ್ಲ ಕಣಮ್ಮಿ, ಸಕ್ರೆ ಅಚ್ಚಿಲ್ಲ, ಉರ್ಗಡ್ಲೆ ಇಲ್ಲ, ಕಡ್ಲೆಬೀಜ ಇಲ್ಲ. ಇನ್ನೇನ್ ಎಳ್ಳು ಬೀರೀಯೆ ನೀನು?”

“ಸಕ್ಕರೆ ವಿಷ ಅತ್ತೆ.”

“ಇಸ್ವಾ? ನಿನ್ ಗಂಡ ಏನ್ ತಿಂದು ಬೆಳ್ದ ಅನ್ಕಂಡಿದ್ದೀಯೆ?”

“ಅದಕ್ಕೇ ಆ ಹೊಟ್ಟೆ ಬಂದಿರೋದು.”

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಶಿವಮೂರ್ತಿ ಸದ್ದಿಲ್ಲದೆ ಹೊಟ್ಟೆಯನ್ನು ಒಳಗೆಳೆದುಕೊಂಡ.

ಅಚ್ಚಿನ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಈರಮ್ಮ ತಾವೇ ಬಟ್ಟಲಲ್ಲಿ ಬೆರೆಸಿದ್ದ ಎಳ್ಳು-ಕಡಲೆಬೀಜದಿಂದ ಒಂದು ಚಿಟಿಕೆ ತೆಗೆದು, “ಬಾ ನನ್ ಕೂಸು, ಅಜ್ಜಿ ಕೈಲಿ ಮೊದ್ಲು ತಿನ್ನು” ಎಂದು ಮೊಮ್ಮಗಳ ಬಾಯಿಯ ಬಳಿ ಒಯ್ದರು. ಭವ್ಯ ಹಾರಿ ಬಂದು ಅವರ ಕೈ ಹಿಡಿದಳು.

“ಬೇಡ ಅತ್ತೆ! ಇಡೀ ಬೀಜ ಕೊಡಬಾರದು ಅಂತ ಎಷ್ಟು ಸಲ ಹೇಳ್ಬೇಕು?”

“ಎಳ್ಳು ಬೀರಾ ಮಗಿಗೇ ಎಳ್ಳಿಲ್ವಾ? ಮೊದಲ್ನೇ ಸಲ ಕಣಮ್ಮಿ! ನಾನು ಬಸ್ ಅತ್ತಿ ಬಂದದ್ದೇ ಅದ್ಕೆ.”

“ಐದು ವರ್ಷ ಆಗೋವರೆಗೆ ಇಲ್ಲ ಅಂದ್ರೆ ಇಲ್ಲ. ಆವತ್ತು ಅದರ ತುಟಿ ನೀಲಿಯಾಗಿದ್ದು ನೋಡಿದ್ದು ನಾನು, ನೀವಲ್ಲ!”

ಮಾತು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ಈರಮ್ಮ ಎತ್ತಿದ ಕೈ ಇಳಿಸಿದರು. ಆ ಚಿಟಿಕೆ ಎಳ್ಳನ್ನು ತಮ್ಮ ಬಾಯಿಗೂ ಹಾಕಿಕೊಳ್ಳದೆ ಬಟ್ಟಲಿಗೇ ಉದುರಿಸಿ, ಜಗುಲಿಗೆ ಹೋಗಿ ಎಲೆಯಡಿಕೆ ಚೀಲ ಬಿಚ್ಚಿದರು. ಅಡಿಕೆಯೂ ಒಂದು ಬೀಜವೇ, ಎಲ್ಲ ಬೀಜಗಳಿಗಿಂತ ಕೆಟ್ಟದ್ದು ಎಂಬ ಭಾಷಣ ಭವ್ಯಳ ನಾಲಿಗೆಯ ತುದಿಗೆ ಬಂದಿತ್ತು. ಮುದುಕಿಯ ಬಗ್ಗಿದ ಬೆನ್ನು ನೋಡಿ ನುಂಗಿಕೊಂಡಳು. ತಾನು ಹೇಳಿದ್ದು ಸರಿ. ಆದರೂ ಎದೆಯೊಳಗೆ ಏನೋ ಸಿಕ್ಕಿಕೊಂಡಂತೆ. ಗುದ್ದಿ ಹೊರಗೆ ಹಾಕೋಣವೆಂದರೆ ಅದು ಕಡಲೆಬೀಜವಲ್ಲವಲ್ಲ.

ಹೀಗೆ ಮನೆಯಲ್ಲಿ ಅತ್ತೆಯ ಮೌನ, ಪಕ್ಕದ ಮನೆಯಲ್ಲಿ ಹಕ್ಕಿಕಾಳಿನ ಬಿರುದು ಹೊತ್ತುಕೊಂಡು ಭವ್ಯ ಬೀದಿಯುದ್ದಕ್ಕೂ ಎಳ್ಳು ಬೀರಿದಳು. ಪ್ರತಿ ಬಾಗಿಲಲ್ಲೂ ಮಗಳು ಪೊಟ್ಟಣ ಕೊಟ್ಟರೆ ಅಮ್ಮ ಉಪದೇಶ ಕೊಟ್ಟಳು. “ದಿನಕ್ಕೆ ಒಂದೇ ಹಿಡಿ. ನೀರು ಚೆನ್ನಾಗಿ ಕುಡೀರಿ. ಮೈಗೆ ಆಗದಿದ್ರೆ, ಕಡಿತ-ಗಿಡಿತ ಬಂದ್ರೆ ತಕ್ಷಣ ನಿಲ್ಸಿ, ಡಾಕ್ಟರ್ ಹತ್ರ ಹೋಗಿ. ಸಣ್ಣ ಮಕ್ಕಳಿಗೆ ಪುಡಿ ಮಾಡೇ ಕೊಡಿ.”

ಖುದ್ದೂಸ್ ಸಾಹೇಬರ ಮನೆಯಲ್ಲಿ ಅವರ ಹೆಂಡತಿ ರಹಮತ್ ಬಿ ಸೆರಗು ಸರಿಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. “ಭವ್ಯಾ ಬೇಟಿ, ನೀನು ಕೊಡ್ತಾ ಇರೋದು ಹಬ್ಬದ್ದು ಎಳ್ಳೋ, ಆಸ್ಪತ್ರೆದು ದವಾನೋ?” ಎಂದು ಮಗುವಿನ ಕೆನ್ನೆ ಹಿಂಡಿದರು. ತಿರುವಿನ ಮನೆಯ ಭಾಗ್ಯ, “ಊಟಕ್ಕೆ ಮುಂಚೆನಾ, ಆಮೇಲಾ?” ಎಂದು ಕೇಳಿಯೇಬಿಟ್ಟಳು.

ಒಬ್ಬರೂ, ಒಬ್ಬರೇ ಒಬ್ಬರೂ, ‘ಚೆನ್ನಾಗಿದೆ’ ಅನ್ನಲಿಲ್ಲ.

ಸಂಜೆ ಎಳ್ಳು ಬೀರಲು ಬರುವವರ ಸರದಿ. ಮೊದಲು ಭಾಗ್ಯಳ ಮನೆಯ ಪೊಟ್ಟಣ ಬಂತು. ಭವ್ಯ ಬಿಚ್ಚಿ ನೋಡಿದಳು. ಹುರಿಗಡಲೆಯ ನಡುವೆ ಹಸಿರಾಗಿ ಏನೋ ಇಣುಕುತ್ತಿತ್ತು. ಕುಂಬಳ ಬೀಜ! ಪಕ್ಕದಲ್ಲೇ ಉದ್ದಕ್ಕೆ ಸೀಳಿದ ಬಾದಾಮಿ. ತನ್ನ ಕೈಯಾರೆ ಸೀಳಿದ ಬಾದಾಮಿಯನ್ನು ಗುರುತಿಸದ ಹೆಂಗಸುಂಟೇ? ಅಷ್ಟು ಹೊತ್ತಿಗೆ ಮಂಗಮ್ಮನವರೇ ತಟ್ಟೆ ಹಿಡಿದು ಬಂದರು. ಅವರ ಪೊಟ್ಟಣದಲ್ಲಿ ಸಕ್ಕರೆ ಕೋಳಿಯ ಪಕ್ಕದಲ್ಲೇ ಅವಳ ಅಕ್ರೋಟು ನಿರಾಶ್ರಿತನಂತೆ ಮುದುಡಿ ಕುಳಿತಿತ್ತು.

“ಮಂಗಮ್ಮನೋರೇ, ಇದು ನಮ್ಮನೆ ಎಳ್ಳು!”

“ಇರ್ಬೋದು ಕಣಮ್ಮ” ಎಂದು ಮಂಗಮ್ಮನವರು ಚಾಪೆಯ ಮೇಲೆ ಕುಳಿತು, ಈರಮ್ಮ ಕೊಟ್ಟ ಕಾಫಿ ಲೋಟ ಕೈಗೆ ತೆಗೆದುಕೊಂಡರು. “ಬಂದದ್ದೆಲ್ಲಾನೂ ಒಂದೇ ಡಬ್ಬಿಗೆ ಸುರಿಯೋದು, ಅದ್ರಲ್ಲೇ ತುಂಬ್ಕೊಡೋದು. ಬೀದೀಲಿ ಎಲ್ರೂ ಮಾಡೋದೇ ಅಲ್ವಾ? ನಿಮ್ಮತ್ತೆ ಮಾಡಿಲ್ವಾ, ಕೇಳು.”

ಭವ್ಯ ಅತ್ತೆಯ ಕಡೆ ತಿರುಗಿದಳು. ಈರಮ್ಮ ಸ್ಟೀಲ್ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಹಿಂದಕ್ಕೆ ತಳ್ಳುತ್ತಿದ್ದರು.

ಅನ್ಯಾಯ! ಇಡೀ ಬೀದಿಯ ಆರೋಗ್ಯ ಮನೆಯಿಂದ ಮನೆಗೆ ಅಲೆದು, ಯಾರ ಹೊಟ್ಟೆಗೂ ಸೇರದೆ, ಸಕ್ಕರೆ ಗಿಣಿಗಳ ಸಹವಾಸದಲ್ಲಿ ಕೆಟ್ಟು ಮನೆಗೆ ವಾಪಸು ಬಂದಿದೆ. ಎಳ್ಳಿನ ತಟ್ಟೆ ಈಗ ಭವ್ಯಳ ಕೈಯಲ್ಲಿರಲಿಲ್ಲ. ಸಿಹಿ ಮಾತಿನ ಕಟ್ಟುಪಾಡೂ ಇರಲಿಲ್ಲ.

“ನಿಮಗೆಲ್ಲ ಇದರ ಬೆಲೆ ಗೊತ್ತಿಲ್ಲ! ರುಚಿ ನೋಡಿದ್ದೀರಾ ಯಾರಾದ್ರೂ? ಇಲ್ಲಿ ನೋಡಿ, ನಾನು ತಿಂದು ತೋರಿಸ್ತೀನಿ!” ಎಂದು ಮಂಗಮ್ಮನವರ ಪೊಟ್ಟಣದಿಂದಲೇ ಒಂದು ಹಿಡಿ ಬಾಯಿಗೆ ಸುರಿದುಕೊಂಡಳು. “ಕುಂಬಳ ಬೀಜದಲ್ಲಿ ಕಬ್ಬಿಣ. ಎಳ್ಳಲ್ಲಿ ಮೂಳೆಗೆ ಬೇಕಾದ ಸುಣ್ಣ. ಅಕ್ರೋಟು ಹೃದಯಕ್ಕೆ. ಎಲ್ಲ ಹಿತಮಿತವಾಗಿ. ನಿಧಾನಕ್ಕೆ ಅಗೀಬೇಕು, ಆತುರ ಪಡಬಾರ್ದು, ಬಾಯಲ್ಲಿ ಇಟ್ಕೊಂಡು ಮಾತಾ—”

ಅಲ್ಲಿಗೆ ಮಾತು ನಿಂತಿತು. ಉಸಿರೂ ನಿಂತಿತು. ಭವ್ಯಳ ಕಣ್ಣುಗಳು ಹೊರಗೆ ಬಂದವು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಶಿವಮೂರ್ತಿ “ನೀರು, ನೀರು” ಎಂದು ಕೂಗುತ್ತಾ ಅಡುಗೆಮನೆಯ ಬದಲು ಬಚ್ಚಲಿಗೆ ಓಡಿದ.

ಈರಮ್ಮ ಓಡಲಿಲ್ಲ. ಸೊಸೆಯ ಕುತ್ತಿಗೆ ಹಿಡಿದು ಮುಂದಕ್ಕೆ ಬಗ್ಗಿಸಿ, ರಾಗಿ ಬಡಿದ ಕೈಯಿಂದ ಬೆನ್ನಿಗೆ ಒಂದು ಬಿಟ್ಟರು. ಇನ್ನೊಂದು ಬಿಟ್ಟರು. ಮೂರನೆಯದಕ್ಕೆ ಭವ್ಯಳ ಬಾಯಿಂದ ಏನೋ ಚಿಮ್ಮಿ, ಕೋಣೆ ದಾಟಿ, ಮಂಗಮ್ಮನವರ ಕಾಫಿ ಲೋಟದೊಳಗೆ ‘ಟಪ್’ ಎಂದು ಬಿತ್ತು.

ಮಂಗಮ್ಮನವರು ಲೋಟ ವಾಲಿಸಿ ನೋಡಿದರು. “ಕಡ್ಲೆಬೀಜ” ಎಂದರು.

ಭವ್ಯ ನೆಲದ ಮೇಲೆ ಕುಸಿದು ಕೂತಳು. ಉಸಿರು ಬಂತು, ಜೊತೆಗೆ ಕಣ್ಣೀರೂ ಬಂತು. ಈರಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. ಆ ಕೈ ನಡುಗುತ್ತಿತ್ತು. ಆ ನಡುಕದ ಪರಿಚಯ ಭವ್ಯಳಿಗಿತ್ತು.

“ಈಗ ಗೊತ್ತಾಯ್ತು ಕಣಮ್ಮಿ” ಎಂದರು ಈರಮ್ಮ. “ನೀ ಯಾಕೆ ಅಂಗ್ ಕೂಗಾಡ್ದೆ ಅಂತ ಈಗ ಗೊತ್ತಾಯ್ತು. ಜೀವ್ವೇ ಓದಂಗಾಗ್ಬುಡ್ತು ನಂಗೆ.”

ಅವರು ಒಳಗೆ ಹೋಗಿ ಒಂದು ಬಟ್ಟಲು ತಂದರು. ಅದರಲ್ಲಿ ಚಿಗಳಿ. ಎಳ್ಳು, ಬೆಲ್ಲ, ಕಡಲೆಬೀಜಗಳನ್ನು ಒರಳಲ್ಲಿ ನುಣ್ಣಗೆ ಕುಟ್ಟಿ ಕಟ್ಟಿದ ಪುಟ್ಟ ಪುಟ್ಟ ಮೆತ್ತನೆಯ ಉಂಡೆಗಳು.

“ನೀವು ಬೀದೀಗೋದಾಗ ಕೂಸಿಗೆ ಅಂತ ಕುಟ್ದೆ. ನಿನ್ ಬಾದಾಮಿನೂವೆ ಆಕಿವ್ನಿ, ಅದೇನೋ ಹಸ್ರು ಬೀಜನೂವೆ ಆಕಿವ್ನಿ. ನೀನ್ ನೋಡಿ ಊಂ ಅಂದ್ಮೇಲೆ ಕೊಡವಾ ಅಂತ ಅಂಗೇ ಮಡಗಿದ್ದೆ.”

ಭವ್ಯ ಒಂದು ಉಂಡೆ ತೆಗೆದುಕೊಂಡು ಎರಡು ಬೆರಳಲ್ಲಿ ಮುರಿದು, ಉಜ್ಜಿ ನೋಡಿದಳು. ಒಂದು ತರಿಯೂ ಕೈಗೆ ಸಿಗಲಿಲ್ಲ. “ಊಂ” ಎಂದು ತಲೆಯಾಡಿಸಿದಳು.

ಈರಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಾಸಿವೆಯಷ್ಟು ಸಾಸಿವೆಯಷ್ಟೇ ಬಾಯಿಗಿಟ್ಟರು. ಶಿವರಂಜಿನಿ ಕಣ್ಣರಳಿಸಿ ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆದಳು. ಇಡೀ ದಿನದಲ್ಲಿ ಭವ್ಯಳ ಬೀಜಗಳಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

“ಬಾ, ಈಗ ನಿಂದು” ಎಂದರು ಈರಮ್ಮ ಸೊಸೆಗೆ. “ಬಾಯ್ ತಗಿ.”

“ಅತ್ತೆ, ನಾನೇ ತಿಂತೀನಿ...”

“ತಿಂದದ್ದು ನೋಡುದ್ನಲ್ಲ. ತಗಿ ಬಾಯಾ.”

ಭವ್ಯ ಬಾಯಿ ತೆರೆದಳು. ಇಡೀ ಚಿಗಳಿ ಒಳಗೆ ಹೋಯಿತು. ಅಷ್ಟರಲ್ಲಿ ಶಿವಮೂರ್ತಿ ಬಚ್ಚಲಿನಿಂದ ತಂಬಿಗೆ ಹಿಡಿದು ಬಂದು, ಹೆಂಡತಿ ಬದುಕಿರುವುದನ್ನು ಕಂಡು ಧೈರ್ಯ ತಂದುಕೊಂಡು, “ಇನ್ಮೇಲೆ ಇವಳ್ಗೆ ಡಬ್ಬಿ ಕಟ್ಟಿ ಕೊಡೋದು ನಾನು. ಒಂದು ಹಿಡಿ. ನನ್ ಹಿಡಿ ಅಲ್ಲ, ಪಾಪೂ ಹಿಡಿ” ಎಂದ. ಮಂಗಮ್ಮನವರು ತಣ್ಣಗಾದ ಕಾಫಿಯನ್ನು ಪಕ್ಕಕ್ಕಿಟ್ಟು ಎದ್ದರು. “ಹೋಗ್ತಾ ಎಲ್ರ ಮನೇಲೂ ಹೇಳ್ಬಿಡ್ತೀನಮ್ಮ. ಐದು ವರ್ಷದೊಳಗಿನ ಮಕ್ಕಳಿಗೂ ಭವ್ಯಂಗೂ ಪುಡಿ ಮಾಡೇ ಕೊಡಿ ಅಂತ!”

ಭವ್ಯಳ ರಕ್ತ ಕುದಿಯಿತು. ಗಂಡನ ಅಂಗೈಗೆ ಒಂದು, ಮಂಗಮ್ಮನವರ ಡಬ್ಬಿಗೆ ಒಂದು, ಇಡೀ ಬೀದಿಗೆ ಸೇರಿ ಇನ್ನೊಂದು ಹೀಗೆ ಹರಿತವಾದ ಉತ್ತರಗಳು ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತವು. ಆದರೆ ನಾಲಿಗೆಯ ಮೇಲೆ ಚಿಗಳಿಯೂ ಇತ್ತು. ಆದರೂ ಬಿಡಬಾರದೆಂದು ಅವಳು ತುಟಿ ತೆರೆಯುವಷ್ಟರಲ್ಲಿ, ಅಜ್ಜಿಯ ತೊಡೆಯಿಂದ ಇಳಿದು ಬಂದ ಶಿವರಂಜಿನಿ ಬೆಲ್ಲ ಮೆತ್ತಿದ ಪುಟ್ಟ ಬೆರಳನ್ನು ಅಮ್ಮನ ತುಟಿಯ ಮೇಲೆ ಅಡ್ಡ ಇಟ್ಟಳು.

“ಶ್! ತಿನ್ನೋವಾಗ ಮಾತಾಡ್ಬಾದು.”

ಸಂವಿಧಾನ ಬರೆದವಳು ಅವಳೇ. ಸುಮ್ಮನೆ ಅಗಿದಳು.