ನೀರು ಬೆರೆಸದ ಮಾವ

ಕಳಲೆಯ ನಮ್ಮ ಸೋದರಮಾವ ಮಾರುವ ಹಾಲಿಗೆ ಒಂದು ಹನಿ ನೀರು ಬೆರೆಸಿದವರಲ್ಲ. ಜನ್ಮದಲ್ಲಿ ಅವರು ನೀರು ಬೆರೆಸಿದ್ದು ಒಂದೇ ಪದಾರ್ಥಕ್ಕೆ. ಅದು ಅವರ ಸ್ವಂತ ಮೂತ್ರ!

ನಗಬೇಡಿ. ಆ ಕಲಬೆರಕೆಯಿಂದ ವರ್ಷವಿಡೀ ಅವರ ಪ್ರಾಣ ತೂಗಾಡಿತು.

ಮೂತ್ರ ಕೆಂಪಗೆ ಹೋಗುತ್ತಿತ್ತು, ನೋವಿರಲಿಲ್ಲ. ನೋಯದ್ದು ಕಾಯಿಲೆಯೇ ಅಲ್ಲವೆಂಬುದು ಮಾವನ ಸಿದ್ಧಾಂತ. "ಉಷ್ಣ ಕಣ್ಲಾ ಅಳಿಯ. ನಿಮ್ಮತ್ತೆ ಕಿವಿಗೆ ಬೀಳ್ಬಾರ್ದು" ಎಂದು ಎಳನೀರು ಕುಡಿಯುತ್ತ ಕೂತರು. ತೋಟದ ಮರಗಳು ಬೋಳಾದವು, ಕೆಂಪು ಹೋಗಲಿಲ್ಲ.

ನಂಜನಗೂಡಿನ ಡಾಕ್ಟರರು ಸೀಸೆ ಕೊಟ್ಟು ಮೂತ್ರ ತರಿಸಿದರು. ಬೆಳಕಿಗೆ ಹಿಡಿದು, "ಸ್ಫಟಿಕ! ಗೌಡರೇ, ನಿಮಗೇನೂ ಆಗಿಲ್ಲ" ಎಂದರು. ಮೂರು ಸಲ ಹೋದೆವು, ಮೂರು ಸಲವೂ ಸ್ಫಟಿಕ! ಮಾವ ಮಾತ್ರ ದಿನೇ ದಿನೇ ಬಿಳಿಚಿಕೊಂಡರು.

ಇದರ ನಡುವೆ ಅತ್ತೆ, ಬಿಳಿ ಒಗೆದು ಸಾಕಾಯಿತೆಂದು ಅವರ ಪಂಚೆಗಳನ್ನು ಕಾವಿಯಲ್ಲಿ ಅದ್ದಿಬಿಟ್ಟರು. "ಗೌಡ್ರು ಮಠ ಸೇರದು ಯಾವಾಗ?" ಎಂದು ಊರು ಕೇಳಿತು. "ನಿಮ್ಮತ್ತೆಗೆ ಬುದ್ಧಿ ಕೆಟ್ಟದೆ" ಎಂದರು ಮಾವ.

ಕೊನೆಗೆ ಗಾಡಿ ಕಟ್ಟಿಸಿ ನರಸೀಪುರದ ಡಾಕ್ಟರರ ಬಳಿಗೆ ಕರೆದೊಯ್ದೆ. ದಾರಿಯಲ್ಲಿ ಸಂಗಮದ ಮೆಟ್ಟಿಲಿಳಿದ ಮಾವ ಮೂತ್ರದ ಸೀಸೆಗೆ ಹೊಳೆ ನೀರು ತುಂಬುತ್ತಿದ್ದರು!

"ಏನ್ ಮಾವ ಇದು?"

"ದೊಡ್ಡವ್ರ ಕೈಗೆ ಅಂಗೇ ಕೊಟ್ಟಾರೇನ್ಲಾ? ಒಸಿ ತೊಳ್ದು ಕೊಡ್ತೀನಿ."

ಮೂತ್ರವನ್ನು ತೊಳೆದ ಮಹಾನುಭಾವರು ಲೋಕದಲ್ಲಿ ಇನ್ನೊಬ್ಬರಿದ್ದಾರೆಯೇ?

"ನಂಜನಗೂಡಲ್ಲೂ ಹೀಗೇನಾ?"

"ಅಲ್ಲಿ ಬರೀ ಕಪಿಲೆ. ಇಲ್ಲಿ ಕಾವೇರೀನೂ ಸೇರ್ಕಂಡವ್ಳೆ, ಇನ್ನೂ ಒಳ್ಳೇದು!"

ಆ ಪುಣ್ಯತೀರ್ಥವನ್ನು ಚೆಲ್ಲಿಸಿ, ತೊಳೆಯದ ಸತ್ಯವನ್ನು ಡಾಕ್ಟರರ ಮುಂದಿಟ್ಟೆ. ಅವರು ಲೋಹದ ಕಡ್ಡಿಯೊಂದನ್ನು ಮೂತ್ರಕೋಶಕ್ಕೆ ಬಿಟ್ಟು ಕಿವಿಗೊಟ್ಟರು. ಕಲ್ಲಿದ್ದರೆ ಟಣ್ ಎನ್ನಬೇಕು. ಎನ್ನಲಿಲ್ಲ. "ಒಳಗೆ ಗಂಟಿರಬೇಕು. ಕೊಯ್ದು ನೋಡದೆ ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ. ಕೆಟ್ಟದ್ದಾದರೆ..." ಎಂದು ಮಾವನ ಬದಲು ನನ್ನ ಮುಖ ನೋಡಿದರು.

ಅತ್ತೆಗೆ 'ಸಣ್ಣ ಕುರು' ಎಂದು ಸುಳ್ಳು ಹೇಳಿ ಮೈಸೂರಿನ ಆಸ್ಪತ್ರೆಗೆ ಹೋದೆವು. ಕ್ಲೋರೋಫಾರಂ ಹಿಡಿಯುವ ಮುನ್ನ ಮಾವ ನನ್ನ ಕೈಹಿಡಿದು, "ಒಳಗೇನಾರ ಕೊಳಕಿದ್ರೆ ಡಾಕ್ಟರು ತಪ್ಪು ತಿಳೀಬಾರ್ದು ಅಂತ ಅನ್ನು" ಎಂದರು. ಬದುಕುವ ಆಸೆಗಿಂತ ಮರ್ಯಾದೆಯ ಭಯ!

ಹೊರಬಂದದ್ದು ತೆಳ್ಳನೆ ತೊಟ್ಟಿನ ಗಂಟು; ನೀರಿಗೆ ಹಾಕಿದರೆ ಪಾಚಿಯಂತೆ ಎಳೆಬಿಚ್ಚಿ ತೇಲಿತು. ಡಾಕ್ಟರರು ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, "ಅಪರೂಪ. ಸಾಧು ಗಂಟು, ಕೊಲ್ಲುವ ಜಾತಿಯಲ್ಲ. ಆದರೆ ಮತ್ತೆ ಚಿಗುರಿದರೂ ಚಿಗುರೀತು" ಎಂದರು.

ಊರಿಗೆ ಮರಳಿದ ಮೇಲೆ ಒಂದು ಬೆಳಗ್ಗೆ ಮಾವ ತಿಳಿಯಾದ ಮೂತ್ರದ ಸೀಸೆ ಹಿಡಿದು ಅಡಿಗೆಮನೆಯ ಬಾಗಿಲಿಗೇ ಬಂದರು.

"ನೋಡಮ್ಮಿ. ನೀರು ಬೆರ್ಸಿಲ್ಲ."

ಅತ್ತೆ ಒಲೆ ಬಿಟ್ಟು ಎದ್ದರು. "ವರ್ಷದಿಂದ ನಿಮ್ಮ ಪಂಚೆ ಒಗ್ದೋಳು ಯಾರು ಅನ್ಕಂಡಿದ್ರಿ? ಕಲೆ ಕಂಡು ಜನ ಆಡ್ಕಬಾರ್ದು ಅಂತ ಕಾವೀಲಿ ಅದ್ದಿದ್ದು."

ಆಮೇಲೆ ಪೆಟ್ಟಿಗೆಯ ತಳದಿಂದ, ಅದ್ದದೆ ಉಳಿಸಿದ್ದ ಒಂದೇ ಒಂದು ಬಿಳಿ ಪಂಚೆಯನ್ನು ತೆಗೆದುಕೊಟ್ಟರು. ಕಾವಿ ಪಂಚೆಗಳನ್ನು ಎಸೆಯಲಿಲ್ಲ. ಮಡಿಸಿ, ಅದೇ ತಳಕ್ಕೆ ಇಟ್ಟರು.