ಟೋಪಿಯಲ್ಲಿ ಐದು ಮೊಟ್ಟೆ

ಎಲ್ಲ ಅನಾಹುತಕ್ಕೂ ಕಾರಣ ಡೆರಿಕ್ ಹಾಪ್‌ವುಡ್‌ನ ಅತಿಶುಚಿತ್ವ. ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಮನೆಗಾಡಿಯಾದ ತನ್ನ ಮೋಟರ್‌ಹೋಮನ್ನು ತೊಳೆದು, ಒರೆಸಿ, ಸಮಾಧಾನವಾಗದೆ ಮತ್ತೊಮ್ಮೆ ತೊಳೆದು, ಒಳಗೆಲ್ಲ ಚೆನ್ನಾಗಿ ಆರಲಿ ಎಂದು ಅದರ ಹಿಂಬದಿಯ ಸಾಮಾನು ಗೂಡಿನ ಬಾಗಿಲನ್ನು ಎರಡು ವಾರ ತೆರೆದೇ ಇಟ್ಟಿದ್ದ. ಕೊಳಕಾಗಿಯೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಹಾಗೆ ಬಿಡುವಂತೆಯೂ ಇರಲಿಲ್ಲ. ಡೆರಿಕ್ ಮತ್ತು ಅವನ ಹೆಂಡತಿ ಗ್ಲೆಂಡಾ, ಇಬ್ಬರೂ ನಿವೃತ್ತರು, ಇಂಗ್ಲೆಂಡಿನ ವಿಂಬರ್ನ್ ಊರು ಬಿಟ್ಟು ನ್ಯೂಜಿಲೆಂಡಿನಲ್ಲಿ ನೆಲೆಸಲು ಹೊರಟಿದ್ದರು. ಶನಿವಾರ ಅವರ ವಿಮಾನ. ಅದಕ್ಕೆ ಮುಂಚೆ, ಈ ಗುರುವಾರ ಸಂಜೆಯೊಳಗೆ, ಮೋಟರ್‌ಹೋಮನ್ನು ಸೌತಾಂಪ್ಟನ್ ಬಂದರಿಗೆ ಓಡಿಸಿಕೊಂಡು ಹೋಗಿ ಹಡಗಿನವರಿಗೆ ಒಪ್ಪಿಸಬೇಕಿತ್ತು. ನ್ಯೂಜಿಲೆಂಡಿನ ಬಂದರಿನವರು ಮಹಾ ಮಡಿವಂತರು. ಹೊರದೇಶದ ಒಂದು ಹುಲ್ಲಿನ ಬೀಜವೋ, ಒಂದು ಚಿಟಿಕೆ ಮಣ್ಣೋ, ಒಂದು ಹಕ್ಕಿಪುಕ್ಕವೋ ಕಂಡರೂ ಗಾಡಿಯನ್ನು ಹೊರಗೇ ನಿಲ್ಲಿಸುತ್ತಾರೆ. ಆದ್ದರಿಂದ ಡೆರಿಕ್ ಗಾಡಿಯ ಅಡಿಗೆ ನುಸುಳಿ, ಅಂಗಾತ ಮಲಗಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ತಿರುಪನ್ನೂ ಉಜ್ಜಿದ್ದ. ಅದು ತನ್ನ ಬ್ರಷ್ಷು ಎಂಬುದು ಗ್ಲೆಂಡಾಗೆ ತಡವಾಗಿ ತಿಳಿಯಿತು.

"ಈ ಮುದಿ ಗಾಡೀನ ಭೂಮಿ ಆ ಕಡೆಗೆ ಹೊತ್ಕೊಂಡು ಹೋಗೋ ಕರ್ಮ ಯಾಕೆ?" ಎಂದು ಗ್ಲೆಂಡಾ ಚಳಿಗಾಲದುದ್ದಕ್ಕೂ ಕೇಳಿದ್ದಳು. "ಇಲ್ಲೇ ಮಾರಿ ಅಲ್ಲೊಂದು ಕೊಂಡ್ರಾಯ್ತಪ್ಪ. ನೆವಿಲ್ ಬಡ್ಕೋತಾ ಇದಾನೆ, ಅಲ್ಲಿ ಬೇಕಾದಷ್ಟು ಸಿಗುತ್ತಂತೆ. ಇದನ್ನ ತಗೊಂಡು ಹೋದ್ರೆ ಗ್ಯಾಸಿಗೊಂದು ಪರೀಕ್ಷೆ, ಕರೆಂಟಿಗೊಂದು ಪರೀಕ್ಷೆ, ಬ್ರೇಕಿಗೊಂದು ಪರೀಕ್ಷೆ!"

"ಮೇಬಲ್‌ನ ಮಾರೋ ಮಾತೇ ಇಲ್ಲ," ಎನ್ನುತ್ತಿದ್ದ ಡೆರಿಕ್. ಮೇಬಲ್ ಎಂದರೆ ಗಾಡಿ. "ಅದರ ಹಾಸಿಗೆಗೆ ನನ್ನ ಬೆನ್ನಿನ ಪರಿಚಯ ಇದೆ."

ನಿಜವಾದ ಕಾರಣ ಬೆನ್ನಲ್ಲ, ನೆವಿಲ್. ಗ್ಲೆಂಡಾಳ ಒಬ್ಬನೇ ತಮ್ಮನಾದ ಈ ನೆವಿಲ್ ನ್ಯೂಜಿಲೆಂಡಿನ ಟೌರಂಗದಲ್ಲಿ ಒಂಟಿಯಾಗಿದ್ದ. ತಮ್ಮದೇ ಮನೆ ಸಿಗುವವರೆಗೆ ಅಕ್ಕ ಭಾವ ಅವನ ಮನೆಯಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಹಿಂದಿನ ಕ್ರಿಸ್‌ಮಸ್‌ಗೆ ಆತ ವಿಂಬರ್ನ್‌ಗೆ ಬಂದು ಮೂರು ವಾರ ಉಳಿದಿದ್ದ. ಬೆಳಕು ಹರಿಯುವ ಮೊದಲೇ ಎದ್ದು ಯುಕುಲೇಲಿ ಎಂಬ ಪುಟ್ಟ ಗಿಟಾರು ಬಾರಿಸುತ್ತಿದ್ದ. ತಿಂಡಿಯ ಹೊತ್ತಿಗೆ ತನ್ನ ಎಡಮಂಡಿಯ ಆಪರೇಷನ್ನಿನ ಕತೆ ಹೇಳುತ್ತಿದ್ದ, ಊಟಕ್ಕೆ ಬಲಮಂಡಿಯದು. ರಾತ್ರಿ ಆತ ಗೊರಕೆ ಹೊಡೆದರೆ ಕೆಳಗಿನ ಅಡುಗೆಮನೆಯಲ್ಲಿ ಬಟ್ಟಲುಗಳು ಅದುರುತ್ತಿದ್ದವು. ಇಂಥವನ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಡೆರಿಕ್‌ಗೆ ಸುತರಾಂ ಬೇಡವಾಗಿತ್ತು. ಹೆಂಡತಿಯ ಮುಂದೆ ಅವಳ ತಮ್ಮನನ್ನು ಆಡಿಕೊಳ್ಳುವಷ್ಟು ಧೈರ್ಯವೂ ಅವನಿಗಿರಲಿಲ್ಲ. ನೆವಿಲ್‌ನ ಹಿತ್ತಿಲಿನ ಕಟ್ಟಕಡೆಯ ಮೂಲೆಯಲ್ಲಿ ಮೇಬಲ್ಲನ್ನು ನಿಲ್ಲಿಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಬಿಡುವುದು ಎಂಬ ಒಂದೇ ಆಸೆಯ ಮೇಲೆ ಅವನು ಇಡೀ ದೇಶಾಂತರಕ್ಕೆ ಒಪ್ಪಿದ್ದ.

ಆ ಗುರುವಾರ ಬೆಳಿಗ್ಗೆ ಸಾಮಾನು ಗೂಡಿನ ಬಾಗಿಲು ಮುಚ್ಚಲು ಹೋದಾಗ ಒಳಗಿಂದ ಏನೋ ಬುರ್ರೆಂದು ಹಾರಿ ಅವನ ಮೂಗು ಸವರಿಕೊಂಡು ಹೋಯಿತು. ಬಗ್ಗಿ ನೋಡಿದ. ತೊಳೆಯುವಾಗ ತೆಗೆದಿಟ್ಟು ಮರೆತಿದ್ದ ಅವನ ಹಳೇ ಉಣ್ಣೆ ಟೋಪಿ ಅಂಗಾತ ಬಿದ್ದಿತ್ತು. ಅದರ ತುಂಬ ಪಾಚಿ, ಒಣಗಿದೆಲೆ, ಹುಲ್ಲು, ಮಣ್ಣು, ಗ್ಲೆಂಡಾಳ ನಾಲ್ಕು ನರೆಗೂದಲು. ನಡುವೆ ಚುಕ್ಕೆ ಚುಕ್ಕೆಯ ಐದು ಮೊಟ್ಟೆ. ನ್ಯೂಜಿಲೆಂಡಿನವರು ಬೇಡವೆಂದದ್ದೆಲ್ಲವನ್ನೂ ಯಾರೋ ಆರಿಸಿ ಆರಿಸಿ ಒಂದೇ ಕಡೆ ತುಂಬಿಟ್ಟ ಹಾಗಿತ್ತು.

ಟೋಪಿಯನ್ನು ಮೆಲ್ಲಗೆ ಎತ್ತಿ ಬೇಲಿಯ ಪೊದೆಗೆ ಸೇರಿಸಿಬಿಡೋಣವೆಂದು ಡೆರಿಕ್ ಕೈ ಚಾಚಿದ.

"ಡೆರಿಕ್ ಹಾಪ್‌ವುಡ್! ಕೈ ಹಿಂದಕ್ಕೆ ತಗೊಳ್ಳಿ!"

ಎದುರುಮನೆಯ ಮಿಸ್ ಆಲ್ಕಾಟ್ ಚಪ್ಪಲಿ ಮೆಟ್ಟಿಕೊಂಡು, ಕೊರಳಲ್ಲಿ ದುರ್ಬೀನು ತೂಗಿಕೊಂಡು ರಸ್ತೆ ದಾಟಿ ಬರುತ್ತಿದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರಿಗೆ ಪ್ರಪಂಚದಲ್ಲಿ ಎರಡೇ ಜಾತಿ: ಹಕ್ಕಿಗಳು, ಮತ್ತು ಹಕ್ಕಿಗಳಿಗೆ ತೊಂದರೆ ಕೊಡುವವರು.

"ಏನಿಲ್ಲ ಮಿಸ್ ಆಲ್ಕಾಟ್, ನನ್ನ ಟೋಪಿ ತಗೋತಾ ಇದ್ದೆ."

"ಈಗ ಅದು ನಿಮ್ಮ ಟೋಪಿ ಅಲ್ಲ. ರಾಬಿನ್ ಹಕ್ಕಿಯ ಬಾಣಂತಿ ಮನೆ. ಒಂದು ವಾರದಿಂದ ನಾನು ನಮ್ಮ ಕಿಟಕಿಯಿಂದ ನೋಡ್ತಾನೇ ಇದೀನಿ."

"ಒಂದು ವಾರದಿಂದ! ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬಾಗಿಲು ಹಾಕ್ತಿದ್ರಿ."

ಅದು ನಿಜವಾದ್ದರಿಂದ ಡೆರಿಕ್ ಬೇರೆ ದಾರಿ ಹಿಡಿದ. "ಸಂಜೆ ಒಳಗೆ ಗಾಡಿ ಬಂದರಲ್ಲಿರಬೇಕು. ಟೋಪಿ ಸಮೇತ ಆ ಪೊದೆಗೆ ವರ್ಗ ಮಾಡಿದ್ರೆ ಆಗಲ್ವಾ?"

"ಮೊಟ್ಟೆ ಇರೋ ಗೂಡು ಮುಟ್ಟಿದ್ರೆ ಪೊಲೀಸರು ಬರ್ತಾರೆ. ಕಾನೂನಿದೆ ಈ ದೇಶದಲ್ಲಿ! ಮರಿ ಆಗಿ, ರೆಕ್ಕೆ ಬಲಿತು, ಹಾರಿ ಹೋಗೋವರೆಗೂ ಈ ಗಾಡಿ ಅಲ್ಲಾಡೋ ಹಾಗಿಲ್ಲ."

"ಅಂದ್ರೆ ಎಷ್ಟು ದಿನ?"

"ಹೆಚ್ಚುಕಮ್ಮಿ ಒಂದು ತಿಂಗಳು. ಜಾಗ ಹಿಡಿಸಿದ್ರೆ ಇಲ್ಲೇ ಇನ್ನೊಂದ್ಸಲ ಮೊಟ್ಟೆ ಇಟ್ಟರೂ ಇಟ್ಟಾಳು."

ಒಂದು ಗಂಟೆ ಕಳೆಯುವುದರೊಳಗೆ ಮೇಬಲ್ ಸುತ್ತ ಬಟ್ಟೆ ಒಣಹಾಕುವ ಹಗ್ಗದ ಬೇಲಿ ಎದ್ದಿತು. ಹಾಥಾರ್ನ್ ಗಲ್ಲಿಯ ಜನವೆಲ್ಲ ಮಡಚುವ ಕುರ್ಚಿ ತಂದು ಹಾಕಿಕೊಂಡರು. ಚಹಾ ಬಂತು, ಬಿಸ್ಕತ್ತು ಬಂತು, ಯಾರದೋ ಮನೆಯ ನಿಂಬೆ ಕೇಕೂ ಬಂತು. ಹದಿನೆಂಟು ವರ್ಷದಿಂದ ಡೆರಿಕ್‌ನ ಕಡೆ ತಲೆಯಾಡಿಸುವುದರಾಚೆ ಹೋಗದವರೂ ಈಗ ಅವನ ಹೆಗಲಿಗೆ ಕೈ ಹಾಕಿ ಸಲಹೆ ಕೊಟ್ಟರು.

"ಹಕ್ಕಿ ಸಮೇತ ಹಡಗಿಗೆ ಹತ್ತಿಸು ಮಾರಾಯ. ಅದೂ ವಲಸೆ ಹೋದ ಹಾಗಾಗುತ್ತೆ."

"ನೀನೂ ಒಂದು ತಿಂಗಳು ಇಲ್ಲೇ ಇದ್ಬಿಡು. ಅವಸರ ಏನಿದೆ?"

"ನಾನು ಅವತ್ತೇ ಹೇಳಿದ್ದೆ, ಅಲ್ಲೇ ಹೋಗಿ ಕೊಂಡ್ಕೋ ಅಂತ," ಎಂದರು ಅವತ್ತು ಏನನ್ನೂ ಹೇಳದಿದ್ದ ಒಬ್ಬರು.

ಏನೂ ಹೇಳದೆ ಕೈ ಹಿಂದೆ ಕಟ್ಟಿ ನಿಂತಿದ್ದವನು ಪಕ್ಕದ ಮನೆಯ ಸಿರಿಲ್ ಟ್ರಿಗ್ ಒಬ್ಬನೇ. ಅವನ ಮನೆಯಲ್ಲಿ ಹೆಂಡತಿಯೂ ಹೆಂಡತಿಯ ಇಬ್ಬರು ಅಕ್ಕಂದಿರೂ ಇದ್ದುದರಿಂದ ಅವನಿಗೆ ಮಾತಿನ ಅಭ್ಯಾಸ ತಪ್ಪಿಹೋಗಿತ್ತು. ಅವನು ಮೇಬಲ್‌ನ ಬಾಗಿಲನ್ನೇ ದಿಟ್ಟಿಸುತ್ತಿದ್ದ.

ಮಿಸ್ ಆಲ್ಕಾಟ್ ಚಹಾದ ಪಾತ್ರೆಗೆ ಬಿಸಿನೀರು ತುಂಬಿಸಿಕೊಳ್ಳಲು ಒಳಗೆ ಹೋದ ಗಳಿಗೆಯನ್ನು ಡೆರಿಕ್ ಬಿಡಲಿಲ್ಲ. ಗಾಡಿ ನಿಂತಿದ್ದ ಜಾಗ ರಸ್ತೆಯ ಕಡೆಗೆ ಕೊಂಚ ಇಳಿಜಾರು. ಇಂಜಿನ್ ಚಾಲೂ ಮಾಡದೆ, ಕೈಬ್ರೇಕ್ ಮಾತ್ರ ಬಿಟ್ಟರೆ ಮೇಬಲ್ ತಾನೇ ಸದ್ದಿಲ್ಲದೆ ಜಾರುತ್ತದೆ, ಹಕ್ಕಿಗೂ ಗೊತ್ತಾಗದು ಎಂದು ಲೆಕ್ಕ ಹಾಕಿದ. ಕೇಕಿನ ಕಡೆ ಮುಖ ಮಾಡಿದ್ದ ಜನರ ಬೆನ್ನ ಹಿಂದೆ ಬಗ್ಗಿಕೊಂಡು ಹೋಗಿ, ಹಗ್ಗದಡಿ ನುಸುಳಿ, ಚಾಲಕನ ಸೀಟಿಗೆ ಏರಿ, ಉಸಿರು ಬಿಗಿಹಿಡಿದು ಬ್ರೇಕ್ ಬಿಟ್ಟ.

ಮೇಬಲ್ ಒಂದು ಮೊಳ ಜಾರಿತು. ಕೂಡಲೇ ಗಲ್ಲಿಯೆಲ್ಲ ಅದುರುವಂತೆ ಅರಚಿಕೊಂಡಿತು. ಬಂದರಿನಲ್ಲಿ ಕಳ್ಳರ ಕಾಟವಿರುತ್ತದೆಂದು ಹೆದರಿ, ಯಾರಾದರೂ ಗಾಡಿ ಅಲ್ಲಾಡಿಸಿದರೆ ಕೂಗಿಕೊಳ್ಳುವ ಯಂತ್ರವನ್ನು ಹಿಂದಿನ ವಾರವಷ್ಟೇ ಡೆರಿಕ್ ತನ್ನ ಕೈಯಾರೆ ಕೂರಿಸಿದ್ದ. ಅದನ್ನು ನಿಲ್ಲಿಸುವುದು ಹೇಗೆಂದು ಓದಿಕೊಂಡಿರಲಿಲ್ಲ.

ಯಂತ್ರ ಗಂಟಲು ಸೋತು ಸುಮ್ಮನಾದಾಗ ಮಿಸ್ ಆಲ್ಕಾಟ್ ಹಿಂದಿನ ಚಕ್ರಕ್ಕೆ ಒತ್ತಿದಂತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ರಾಬಿನ್ ಬಾಗಿಲ ಪಕ್ಕದ ಕನ್ನಡಿಯ ಮೇಲೆ ಕೂತು ಎದೆಯುಬ್ಬಿಸಿ ಡೆರಿಕ್‌ನನ್ನು ನೋಡುತ್ತಿತ್ತು.

"ಹೋಗೋದಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ," ಎಂದರು ಮಿಸ್ ಆಲ್ಕಾಟ್. "ಗ್ಲೆಂಡಾ, ಇನ್ನೊಂದು ತುಂಡು ಕೇಕು ಸಿಗುತ್ತಾ?"

ಡೆರಿಕ್ ಹಡಗು ಕಂಪನಿಗೆ ಫೋನು ಮಾಡಿದ. ಆಚೆಯಿಂದ ಒಬ್ಬ ಹುಡುಗಿ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡಳು. "ಮಾವ ತೀರ್ಕೊಂಡ್ರು ಅಂತಾರೆ, ಗಾಡಿ ಕೆಟ್ಟುಹೋಯ್ತು ಅಂತಾರೆ. ಮೊಟ್ಟೆ ಇಟ್ಟಿದೆ ಅಂತ ಹೇಳಿದೋರು ನೀವೇ ಮೊದಲು ಸಾರ್," ಎಂದು ಹೇಳಿ, ಅವನ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಟ್ಟಳು.

ಗ್ಲೆಂಡಾ ಗೆದ್ದ ಮುಖವನ್ನು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ನೆವಿಲ್‌ಗೆ ಹೇಳ್ಬಿಡ್ತೀನಿ. ಅವನ ಸ್ನೇಹಿತರದ್ದೊಂದು ಚೆನ್ನಾಗಿರೋ ಗಾಡಿ ಮಾರಾಟಕ್ಕಿದೆಯಂತೆ," ಎಂದು ಫೋನೆತ್ತಿದಳು. ಅಲ್ಲಿ ಆಗ ಎಲ್ಲರೂ ಮಲಗುವ ಹೊತ್ತು. ನೆವಿಲ್ ಮಾತ್ರ ಎದ್ದೇ ಇದ್ದ.

ಡೆರಿಕ್ ಮೆಟ್ಟಿಲ ಮೇಲೆ ಕುಸಿದು ಕೂತ. ದುಃಖ ಉಕ್ಕಿ ಬಂತು. ಆದರೆ ಕೂತಲ್ಲೇ ಯೋಚಿಸುತ್ತ ಹೋದಂತೆ ಮನಸ್ಸು ಹಗುರಾಯಿತು. ಗಾಡಿ ಯಾವುದಾದರೇನು? ನೆವಿಲ್‌ನ ಹಿತ್ತಿಲ ಮೂಲೆ ಅಲ್ಲೇ ಇದೆ. ಮೇಬಲ್ ಅಲ್ಲದಿದ್ದರೆ ಇನ್ನೊಂದು.

"ದೊಡ್ಡದಾಗೇ ಇರಲಿ ಅಂತ ಹೇಳು," ಎಂದು ಅಲ್ಲಿಂದಲೇ ಕೂಗಿದ. "ಬಾಗಿಲು ಗಟ್ಟಿ ಇರಬೇಕು. ಒಳಗಡೆಯಿಂದ ಚಿಲಕ ಇರಬೇಕು!"

"ಚಿಲಕ ಯಾತಕ್ಕೆ?" ಎಂದಳು ಗ್ಲೆಂಡಾ.

"ಕಾಡುಪ್ರಾಣಿಗಳು ಇರ್ತವೆ."

"ನ್ಯೂಜಿಲೆಂಡಲ್ಲಿ ಕಾಡುಪ್ರಾಣಿನಾ?" ಎಂದು ಹುಬ್ಬೇರಿಸಿದರೂ ಆಕೆ ಹಾಗೇ ಹೇಳಿದಳು.

ಆಗ ಸಿರಿಲ್ ಹತ್ತಿರ ಬಂದು ಆ ದಿನದ ಮೊದಲ ಮಾತನ್ನಾಡಿದ. "ಇದನ್ನ ಮಾರ್ತೀರಾ?"

"ಒಂದು ತಿಂಗಳು ಅಲ್ಲಾಡಿಸೋ ಹಾಗಿಲ್ಲ, ಸಿರಿಲ್. ಇಲ್ಲೇ ನಿಂತಿರುತ್ತೆ."

"ನಂಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಒಳಗೆ ಕೂತ್ಕೋಬೇಕು ಅಷ್ಟೇ."

ಮುಂಬಾಗಿಲಿನಿಂದ ಮೆಲ್ಲಗೆ ಹೋಗಿ ಸುಮ್ಮನೆ ಕೂರುವ ಮನುಷ್ಯನಿಂದ ಹಕ್ಕಿಗೆ ತೊಂದರೆಯಿಲ್ಲವೆಂದು ಮಿಸ್ ಆಲ್ಕಾಟ್ ಒಪ್ಪಿಗೆ ಕೊಟ್ಟರು. ಸುಮ್ಮನಿರುವುದರಲ್ಲಿ ಸಿರಿಲ್‌ನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಡೆರಿಕ್ ಚೌಕಾಸಿ ಮಾಡದೆ ಬೀಗದ ಕೈ ಕೊಟ್ಟುಬಿಟ್ಟ. ಸಿರಿಲ್ ಮನೆಗೆ ಹೋಗಿ ಒಂದು ದಿಂಬು, ಒಂದು ಪತ್ರಿಕೆ ತಂದು, ಒಳಗೆ ಸೇರಿ ಪರದೆ ಎಳೆದುಕೊಂಡ.

ಮಧ್ಯಾಹ್ನವೆಲ್ಲ ಡೆರಿಕ್ ಸಿಳ್ಳೆ ಹಾಕುತ್ತ ಪೆಟ್ಟಿಗೆ ಕಟ್ಟಿದ. ರಾಬಿನ್‌ಗೆಂದು ಒಂದಿಷ್ಟು ಕೇಕಿನ ಪುಡಿಯನ್ನೂ ಉದುರಿಸಿದ.

ಸಂಜೆ ಫೋನು ಬಂತು. ಇಬ್ಬರಿಗೂ ಕೇಳಲೆಂದು ಗ್ಲೆಂಡಾ ಅದರ ಸ್ಪೀಕರ್ ಹಾಕಿದಳು. ಅಲ್ಲಿ ಇನ್ನೂ ಬೆಳಕಾಗಿರಲಿಲ್ಲ. ಹಿಂದೆ ಯುಕುಲೇಲಿಯ ತಂತಿ ಮಿಡಿಯುವುದು ಕೇಳಿಸುತ್ತಿತ್ತು.

"ಭಾವಾ! ಕೊಂಡಾಯ್ತು! ರಾತ್ರಿಯೇ ಹೋಗಿ ನನ್ನ ಸ್ನೇಹಿತನ್ನ ಎಬ್ಬಿಸಿ ಮುಗಿಸ್ಬಿಟ್ಟೆ," ಎಂದ ನೆವಿಲ್. "ನೀನು ಹೇಳಿದ್ಹಾಗೇ ದೊಡ್ಡದು. ಬಾಗಿಲು ಅಂದ್ರೆ ಬಾಗಿಲು, ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ. ಒಳಗಡೆಯಿಂದ ಚಿಲಕ ನಾನೇ ಕೂರಿಸ್ತೀನಿ."

"ನೆವಿಲ್, ನಿನ್ನ ಉಪಕಾರ ಮರೆಯಲ್ಲ," ಎಂದ ಡೆರಿಕ್. ಮನಸಾರೆ ಹೇಳಿದ್ದ.

"ಉಪಕಾರ ಏನು ಬಂತು! ನೀನು ದೊಡ್ಡದು ಬೇಕು ಅಂದಾಗ್ಲೇ ನಂಗೆ ಅರ್ಥ ಆಯ್ತು ಬಿಡು. ಬಾಯಿಬಿಟ್ಟು ಹೇಳೋಕೆ ನಿಂಗೆ ಸಂಕೋಚ. ನಿಜ ಹೇಳ್ಲಾ? ನಂಗೆ ಕಣ್ಣಲ್ಲಿ ನೀರು ಬಂತು."

"ಏನು ಅರ್ಥ ಆಯ್ತು?" ಎಂದ ಡೆರಿಕ್. ಅವನ ಸಿಳ್ಳೆ ನಿಂತಿತ್ತು.

"ಮೂರೂ ಜನ ಒಟ್ಟಿಗೆ ಇರಬೇಕು ಅನ್ನೋ ನಿನ್ನ ಆಸೆ! ನನ್ನ ಮನೇನ ವರ್ಷದ ಮಟ್ಟಿಗೆ ಬಾಡಿಗೆಗೆ ಕೊಟ್ಟುಬಿಟ್ಟೆ. ಕೇಳ್ತಿದ್ದೋರು ಇದ್ರು, ಅವರನ್ನೂ ಎಬ್ಬಿಸಿ ಈಗಷ್ಟೇ ಮಾತು ಕೊಟ್ಟೆ. ನೀವು ವಿಮಾನ ಇಳಿದ ತಕ್ಷಣ ಹೊರಟೇಬಿಡೋಣ, ಉತ್ತರದಿಂದ ದಕ್ಷಿಣದವರೆಗೂ! ಅಕ್ಕಂಗೆ ಹಿಂದುಗಡೆ ಬೇರೆ ಕೋಣೆ. ನಿನ್ನ ಹಾಸಿಗೆ ಮುಂದುಗಡೆ, ಅದರ ಮೇಲೇನೇ ನನ್ನದು. ಮಂಡಿ ವಿಷಯ ಅವತ್ತು ಅರ್ಧಕ್ಕೇ ನಿಂತಿತ್ತಲ್ಲ, ಆರಾಮಾಗಿ ಹೇಳ್ತೀನಿ."

ಗ್ಲೆಂಡಾ ಕಣ್ಣೊರೆಸಿಕೊಂಡು ಗಂಡನ ಕೆನ್ನೆಗೆ ಮುತ್ತಿಟ್ಟಳು. "ಡೆರಿಕ್, ನೀನು ಅವನನ್ನ ಇಷ್ಟು ಹಚ್ಕೊಂಡಿದೀಯ ಅಂತ ನಂಗೆ ಗೊತ್ತೇ ಇರಲಿಲ್ಲ," ಎಂದಳು.

ಡೆರಿಕ್ ಎದ್ದು ಹೊರಗೆ ಬಂದ. ಹಗ್ಗದಡಿ ನುಸುಳಿ ಮೇಬಲ್‌ನ ಬಾಗಿಲನ್ನು ಬೆರಳ ತುದಿಯಿಂದ ತಟ್ಟಿದ. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ದೀಪದ ಬೆಳಕಲ್ಲಿ ಸಿರಿಲ್‌ನ ಮುಖ ಕಾಣಿಸಿತು. ಅಷ್ಟು ನೆಮ್ಮದಿಯ ಮುಖವನ್ನು ಡೆರಿಕ್ ಆ ಗಲ್ಲಿಯಲ್ಲಿ ಎಂದೂ ನೋಡಿರಲಿಲ್ಲ.

"ಸಿರಿಲ್, ಸ್ವಲ್ಪ ಹೊತ್ತು ಒಳಗೆ ಕೂತ್ಕೊಳ್ಲಾ? ಮಾತಾಡಲ್ಲ."

ಸಿರಿಲ್ ತುಟಿಯ ಮೇಲೆ ಬೆರಳಿಟ್ಟು ಗಾಡಿಯ ಹಿಂಬದಿಗೆ ಕಣ್ಸನ್ನೆ ಮಾಡಿದ.

"ಇಬ್ಬರಾದ್ರೆ ಹಕ್ಕಿಗೆ ತೊಂದರೆ," ಎಂದು ಪಿಸುಗುಟ್ಟಿ ಬಾಗಿಲು ಹಾಕಿಕೊಂಡ. ಒಳಗಡೆಯಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.